ಕಾಗದ ಕಳೆದುಕೊಂಡವನ ಕೈ

ಆ ಕಾಗದ ಬರೆದವಳು ನಾನೇ. ಬೆನ್ನುಹುರಿಗೆ ಪೆಟ್ಟು ಬಿದ್ದು, ತಿಂಗಳುಗಟ್ಟಲೆ ನಮ್ಮ ಪುನರ್ವಸತಿ ವಾರ್ಡಿನಲ್ಲಿದ್ದು ಮನೆಗೆ ಹೊರಟವರಿಗೆ ಕೊನೆಯ ದಿನ ಒಂದು ಹಾಳೆ ಕೊಡುತ್ತಿದ್ದೆವು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳು. ಒಂಬತ್ತು ಚಿತ್ರ, ಒಂಬತ್ತು ಸಾಲು. ಆರನೆಯ ಸಾಲು ಹೀಗಿತ್ತು: "ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನು ಪೂರ್ತಿ ನೆಟ್ಟಗೆ ಮಾಡಿ, ಇಪ್ಪತ್ತು ಎಣಿಸುವವರೆಗೆ ಹಿಡಿಯಿರಿ. ದಿನಕ್ಕೆ ಎರಡು ಸಲ." ಚಿತ್ರವನ್ನೂ ನಾನೇ ಬರೆದಿದ್ದೆ. ಚೆನ್ನಾಗಿ ಬಂದಿದೆ ಎಂದು ಸಣ್ಣದೊಂದು ಹೆಮ್ಮೆಯೂ ಇತ್ತು.

ಆ ವರ್ಷ ತೊಗರಿ ಹೂಬಿಡುವ ಹೊತ್ತಿಗೆ ನಾನೊಂದು ಸಣ್ಣ ಅಧ್ಯಯನ ಹಿಡಿದಿದ್ದೆ. ವಾರ್ಡಿನಿಂದ ಹೋದವರು ಮನೆಯಲ್ಲಿ ಹೇಗಿದ್ದಾರೆ ಎಂಬುದು ನನ್ನ ಪ್ರಶ್ನೆ. ಫೋನಿನಲ್ಲಿ ಕೇಳಿದರೆ ಎಲ್ಲರೂ "ಆರಾಮ ಅದೀವ್ರಿ" ಎನ್ನುತ್ತಾರೆ. ಅದಕ್ಕೇ ಜೀಪು ಹತ್ತಿ ಮನೆಮನೆಗೆ ಹೋಗಿ ನೋಡುವುದೆಂದು ನಿಶ್ಚಯಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು. ನನ್ನ ಜೊತೆ ನಮ್ಮ ವಿಭಾಗದ ಥೆರಪಿಸ್ಟ್. ಊಟ, ಸ್ನಾನ, ಬರವಣಿಗೆಯಂಥ ದಿನದ ಕೆಲಸಗಳನ್ನು ರೋಗಿಗೆ ಮತ್ತೆ ಕಲಿಸುವುದು ಅವರ ಕಸುಬು. ಸಿಂದಗಿಯ ಹೆಣ್ಣುಮಗಳು, ನನ್ನದೇ ವಯಸ್ಸು, ಮನಸ್ಸಿನಲ್ಲಿದ್ದುದನ್ನು ಬಾಯಿಗೆ ತರಲು ಒಂದು ಗಳಿಗೆಯೂ ತಡಮಾಡದವರು. ನಾನು ಮುದ್ದೇಬಿಹಾಳದವಳು, ನನಗೂ ಆ ಗುಣ ಹೊಸದೇನಲ್ಲ. ಇಬ್ಬರೂ ಸೇರಿ ಒಂದು ಫಾರಂ ಮಾಡಿಕೊಂಡಿದ್ದೆವು. ಅದರಲ್ಲಿ ಮುಖ್ಯವಾದ ಪ್ರಶ್ನೆ: ಹಾಳೆಯಲ್ಲಿರುವಂತೆ ವ್ಯಾಯಾಮ ನಡೆಯುತ್ತಿದೆಯೇ? ನಿಯಮಿತ, ಆಗಾಗ, ಇಲ್ಲ.

ಇಂಡಿಯಲ್ಲಿ ಮೊದಲು ಹೋದದ್ದು ಒಬ್ಬ ಗಣಿತದ ಶಿಕ್ಷಕಿಯ ಮನೆಗೆ. ತಾಂಬಾದ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಊರಲ್ಲಿ ಎಲ್ಲರಿಗೂ ಅವರು ಅಕ್ಕೋರು. ವಾರ್ಡಿನಲ್ಲಿದ್ದ ನಾಲ್ಕು ತಿಂಗಳಲ್ಲಿ ನಮಗೂ ಅಕ್ಕೋರೇ ಆಗಿದ್ದರು. ಹಿಂದಿನ ವರ್ಷ ದೀಪಾವಳಿ ಮುಗಿದ ಮೇಲೆ ಝಳಕಿ ಹತ್ತಿರ ಅವರ ಸ್ಕೂಟರ್ ಜಾರಿ ಕತ್ತಿನ ಮೂಳೆ ಮುರಿದಿತ್ತು. ಎದೆಯಿಂದ ಕೆಳಗೆ ಚಲನೆ ಇಲ್ಲ. ಭುಜ ಮತ್ತು ಮೊಣಕೈ ಮಡಚುವ ಶಕ್ತಿ ಉಳಿದಿತ್ತು. ಗಂಡ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಸ್ನಾನ, ಬಟ್ಟೆ ಅತ್ತೆಯ ಪಾಲು. ಕೈಕಾಲಿನ ವ್ಯಾಯಾಮ ಮಾವನ ಪಾಲು.

ಮಾವ ಸರ್ವೆ ಇಲಾಖೆಯಲ್ಲಿ ನಕಾಶೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಹಣೆಗೆ ಗೋಪಿಚಂದನದ ನಾಮ, ಕಿವಿಯ ಮೇಲೆ ಪೆನ್ಸಿಲ್. ಕನ್ನಡದಲ್ಲಿ ಶುರುವಾದ ಮಾತು ಒಮ್ಮೊಮ್ಮೆ ಮರಾಠಿಯಲ್ಲಿ ಮುಗಿಯುತ್ತಿತ್ತು; ಸೊಸೆಯನ್ನು ಕರೆಯುತ್ತಿದ್ದುದೂ ಮರಾಠಿಯಲ್ಲೇ, 'ಬಾಳಾ', ಮಗೂ, ಎಂದು. ಒಳಗೆ ಕಾಲಿಟ್ಟವಳು ಗೋಡೆ ನೋಡಿ ನಿಂತೆ. ನನ್ನ ಹಾಳೆಗೆ ಲ್ಯಾಮಿನೇಶನ್ ಮಾಡಿಸಿ ಮಂಚದ ಪಕ್ಕ ಅಂಟಿಸಿದ್ದರು. ಅದರ ಕೆಳಗೆ ಅಳತೆಪಟ್ಟಿ ಹಿಡಿದು ಗೆರೆ ಎಳೆದ ಚೌಕಗಳು. ದಿನಕ್ಕೆ ಎರಡು ಗುರುತು.

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರ," ಎಂದರು. "ಏಕಾದಶಿ ಇರ್ಲಿ, ಗ್ರಹಣ ಇರ್ಲಿ. ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ. ಎಳ್ಳೆಣ್ಣಿ ಹಚ್ಚಿ, ಒಂದೊಂದೂ ಬಟ್ಟು ನೆಟ್ಟಗ ಮಾಡಿ, ಇಪ್ಪತ್ತು ಎಣಸ್ತೀನಿ."

"ಮಾವನವರು ಇಪ್ಪತ್ತು ಅಂದು ಮೂವತ್ತು ಎಣಸ್ತಾರ," ಎಂದರು ಅಕ್ಕೋರು ಗಾಲಿಕುರ್ಚಿಯಿಂದ.

ನಾನು ಅವರ ಬಲ ಮುಂಗೈ ಹಿಡಿದು, ಮಣಿಕಟ್ಟು ಎತ್ತಲು ಹೇಳಿದೆ. ಎತ್ತಿದರು. ನನ್ನ ಬೆರಳಿಂದ ಒತ್ತಿ ತಡೆದೆ. ತಡೆದರೂ ಎತ್ತಿದರು! ವಾರ್ಡು ಬಿಡುವಾಗ ಅಲ್ಲಿ ಸಣ್ಣ ಮಿಡಿತ ಮಾತ್ರ ಇತ್ತು. ಮನೆಯಲ್ಲಿದ್ದ ಎಂಟು ತಿಂಗಳಲ್ಲಿ ಒಂದು ನರ ಎಚ್ಚೆತ್ತು ಮಣಿಕಟ್ಟಿಗೆ ಜೀವ ತಂದಿತ್ತು. ಖುಷಿಯಿಂದ ಥೆರಪಿಸ್ಟ್ ಕಡೆ ತಿರುಗಿದೆ. ಮರುಕ್ಷಣ ಬೆರಳುಗಳ ಕಡೆ ನೋಡಿದೆ. ಮಣಿಕಟ್ಟು ಎದ್ದಿತ್ತು, ಬೆರಳುಗಳು ಎಣ್ಣೆ ಸವರಿದ ಚಪಾತಿಯಂತೆ ಮೆತ್ತಗೆ, ಚಪ್ಪಟೆಯಾಗಿ ಹಾಗೇ ಇದ್ದವು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತಿನ ಆ ಮಟ್ಟದಲ್ಲಿ ಪೆಟ್ಟಾದವರಿಗೆ ಬೆರಳುಗಳ ಮೇಲೆ ಹತೋಟಿ ಇರುವುದಿಲ್ಲ. ಮಣಿಕಟ್ಟು ಎತ್ತುವ ಶಕ್ತಿಯೊಂದು ಉಳಿಯಬಹುದು. ಬೆರಳು ಮಡಚುವ ಸ್ನಾಯುಗಳ ಹುರಿಗಳು ಮುಂಗೈಯಿಂದ ಹೊರಟು, ಮಣಿಕಟ್ಟು ದಾಟಿ, ಬೆರಳ ತುದಿಯವರೆಗೆ ಹೋಗುತ್ತವೆ. ಆ ಹುರಿಗಳು ತುಸು ಗಿಡ್ಡವಾಗಿದ್ದರೆ, ಮಣಿಕಟ್ಟು ಎತ್ತಿದ ಕೂಡಲೇ ಬಿಗಿದು ಬೆರಳುಗಳನ್ನು ತಾವೇ ಎಳೆದು ಮಡಚುತ್ತವೆ. ಹೆಬ್ಬೆರಳು ಬಂದು ತೋರುಬೆರಳ ಪಕ್ಕಕ್ಕೆ ಒತ್ತುತ್ತದೆ. ಮಣಿಕಟ್ಟು ಇಳಿಸಿದರೆ ಬೆರಳು ಬಿಚ್ಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಿಲ್ಲದೆ, ಚಲನೆ ಹೋದ ಬೆರಳುಗಳಲ್ಲಿ ಹಿಡಿತ ಹುಟ್ಟುವ ದಾರಿ ಇದೊಂದೇ. ನಮ್ಮ ವಿಷಯದ ಪುಸ್ತಕಗಳಲ್ಲೆಲ್ಲ ಇದು ಇದೆ. ವಿದ್ಯಾರ್ಥಿಗಳಿಗೆ ನಾನೇ ಕಲಿಸುತ್ತೇನೆ. ಆದರೆ ವಾರ್ಡು ಬಿಡುವ ದಿನ ಅಕ್ಕೋರ ಮಣಿಕಟ್ಟಿಗೆ ಬಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಎಲ್ಲರಿಗೂ ಕೊಡುವ ಹಾಳೆಯನ್ನೇ ಅವರಿಗೂ ಕೊಟ್ಟಿದ್ದೆವು. ಆ ಹುರಿಗಳನ್ನು ಮಾವ ಪ್ರತಿದಿನ ಎರಡು ಹೊತ್ತು ನೀವಿ ನೀವಿ ಉದ್ದ ಮಾಡಿದ್ದರು.

ಅಂದು ಮನೆಯವರಿಗೆ ನಾನು ಏನೂ ಹೇಳಲಿಲ್ಲ. ಧೈರ್ಯ ಬರಲಿಲ್ಲ ಎಂದರೂ ಸರಿಯೇ. ಫಾರಂನಲ್ಲಿ "ನಿಯಮಿತ" ಎಂದು ಬರೆದೆ. ಹೊರಡುವಾಗ ಅಕ್ಕೋರು ಕೇಳಿದರು:

"ಜೂನದಾಗ ಸಾಲಿ ಶುರು ಆಗ್ತದ ಡಾಕ್ಟ್ರ, ನನ್ನ ರಜಾನೂ ಅಲ್ಲಿಗೇ ಮುಗೀತದ. ಇಲ್ಲೇ ಇಂಡಿಯೊಳಗ ಒಂದು ಆಫೀಸಿನ್ಯಾಗ ಕುರ್ಚಿ ಕೊಡ್ತೀವಿ, ಬಂದು ಕೂತು ಹೋಗ್ರಿ ಅಂತಾರ. ಒಳ್ಳೆ ಮನಸ್ಸಿಂದನಽ ಅಂತಾರ. ನನಗ ಬೋರ್ಡ ಬೇಕು. ಚಾಕ್‌ಪೀಸು ಹಿಡೀಲಿಕ್ಕೆ ಆಗ್ತದೇನು?"

"ನೋಡೂಣ್ರಿ," ಎಂದೆ. ವೈದ್ಯರ ಬಾಯಲ್ಲಿ ಈ ಮಾತಿಗೆ ಏನರ್ಥವೆಂದು ಅವರಿಗೆ ಗೊತ್ತಿತ್ತು. ಮುಖ ತಿರುಗಿಸಿಕೊಂಡರು.

ಮಾರನೆಯ ದಿನ ಹೊರ್ತಿಗೆ ಹೋದೆವು. ಅಲ್ಲಿ ಒಬ್ಬ ನಿಂಬೆ ತೋಟದ ರೈತ, ಮೂವತ್ತೈದರ ಗಡಿಯಲ್ಲಿದ್ದ. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದ. ಅಕ್ಕೋರಿಗಾದ ಮಟ್ಟದಲ್ಲೇ ಪೆಟ್ಟು, ಹೆಚ್ಚುಕಡಿಮೆ ಅದೇ ಕಾಲದಲ್ಲಿ ವಾರ್ಡಿನಲ್ಲಿದ್ದವನು. ಅಣ್ಣ ಮತ್ತು ಅಣ್ಣನ ಹೆಂಡತಿ ವೈನಿಯ ಜೊತೆ ತೋಟದ ಮನೆಯಲ್ಲಿ ಇದ್ದ. ಗಿಡದ ನೆರಳಿನಲ್ಲಿ ಗಾಲಿಕುರ್ಚಿ, ಮುಂದೆ ನಿಂಬೆಹಣ್ಣಿನ ರಾಶಿ.

"ವ್ಯಾಯಾಮ ಮಾಡ್ತೀಯೇನಪಾ?" ಎಂದೆ.

"ಸುಳ್ಳ ಯಾಕ ಹೇಳ್ಲಿ ಡಾಕ್ಟ್ರ, ಇಲ್ರಿ."

"ನಾವು ಕೊಟ್ಟ ಕಾಗದ?"

"ಎಲ್ಲೋ ಹೋತ್ರಿ ಅದು. ಮನಿಗೆ ಬರೂವಾಗ ಗಾಡ್ಯಾಗಿಂದ ಹಾರಿತೋ ಏನೋ."

"ಕೈ ಯಾರೂ ತಿಕ್ಕೂದಿಲ್ಲೇನು?"

"ವೈನಿಗೆ ದನಾ, ಅಡಗಿ, ತ್ವಾಟ. ನನ್ನ ಕೈ ತಿಕ್ಕಾಕ ಯಾರಿಗೆ ವ್ಯಾಳ್ಯಾ ಐತ್ರಿ?"

ನಾನು ನಿಟ್ಟುಸಿರು ಬಿಟ್ಟು "ಇಲ್ಲ" ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದೆ. ಅಷ್ಟರಲ್ಲಿ ವೈನಿ ಸ್ಟೀಲಿನ ಲೋಟಗಳಲ್ಲಿ ಚಹ ತಂದರು. ಆತ ಮಣಿಕಟ್ಟು ಇಳಿಬಿಟ್ಟ. ಮಡಚಿದ್ದ ಬೆರಳುಗಳು ಬಿಚ್ಚಿಕೊಂಡವು. ಕೈಯನ್ನು ಲೋಟದ ಸುತ್ತ ಸರಿಸಿ ಮಣಿಕಟ್ಟು ಎತ್ತಿದ. ಬೆರಳುಗಳು ಲೋಟವನ್ನು ಅಪ್ಪಿ ಹಿಡಿದವು. ಸುರ್ ಎಂದು ಒಂದು ಗುಟುಕು ಕುಡಿದು, ನಮ್ಮ ಮುಖ ನೋಡಿ, "ಚಾ ತಗೋರಿ, ಆರತೈತಿ," ಎಂದ.

ಥೆರಪಿಸ್ಟ್ ಕೈಯಲ್ಲಿದ್ದ ಪೆನ್ನು ನಿಂತೇ ಹೋಗಿತ್ತು. "ಇದನ್ನ ಯಾರು ಕಲಿಸಿದ್ರೋ ತಮ್ಮಾ?"

"ಯಾರು ಕಲಸ್ತಾರ್ರಿ? ಒಂದಿನ ವೈನಿ ಚಾ ಇಟ್ಟು ಕರುವಿನ ಕಡಿಗೆ ಓಡಿ ಹೋದ್ರು. ಚಾ ಆರಾಕತ್ತಿತ್ತು. ಹಿಡದೆ."

ಆಮೇಲೆ ಅರ್ಧ ತಾಸು ಆತ ನಿಂಬೆಹಣ್ಣು ಆರಿಸುವುದನ್ನು ನೋಡುತ್ತ ಕೂತೆವು. ಸಣ್ಣದು, ನಡುವಿನದು, ದೊಡ್ಡದು, ಮೂರು ಬುಟ್ಟಿ. ಮಣಿಕಟ್ಟು ಇಳಿಸುವುದು, ಎತ್ತುವುದು, ಬುಟ್ಟಿಯ ಮೇಲೆ ಮತ್ತೆ ಇಳಿಸುವುದು. ಒಂದು ಹಣ್ಣೂ ಬೀಳಲಿಲ್ಲ.

ಜೀಪು ಹೊರಟ ಮೇಲೆ ಥೆರಪಿಸ್ಟ್ ಹೇಳಿದರು: "ಮ್ಯಾಡಮ್, ನಮ್ಮ ಫಾರಂ ಪ್ರಕಾರ ಅಕ್ಕೋರು ಫಸ್ಟ್ ಕ್ಲಾಸು, ಇಂವ ಫೇಲು." ಇಬ್ಬರೂ ನಕ್ಕೆವು, ಡ್ರೈವರ್ ಕನ್ನಡಿಯಲ್ಲಿ ನೋಡುವಷ್ಟು ನಕ್ಕೆವು. ನಗು ಮುಗಿದ ಮೇಲೆ ಫಾರಂ ತೆಗೆದು ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ.

ಆ ವಾರ ಬೇರೆ ಊರಿನ ಒಬ್ಬ ಹಿರಿಯ ಕೈ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉದ್ದವಾದ ಹುರಿಗಳು ಮಡಚಿಟ್ಟರೆ ಮತ್ತೆ ಗಿಡ್ಡವಾಗಬಹುದು, ಆದರೆ ಇಷ್ಟು ತಡವಾದ ಮೇಲೆ ಖಾತ್ರಿಯಿಲ್ಲ ಎಂದರು. ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ಅದಕ್ಕೆ ದೂರದ ಊರಿಗೆ ಹೋಗಬೇಕು, ಆರೈಕೆಗೆ ತಿಂಗಳುಗಳು ಬೇಕು, ಜೂನ್ ಕೈತಪ್ಪುತ್ತದೆ. ಮಡಚಿಡುವುದರಲ್ಲಿ ಅಪಾಯವೂ ಇತ್ತು. ಬೆರಳ ಕೀಲುಗಳೇ ಬಿಗಿದುಬಿಟ್ಟರೆ ಕೈ ತೆರೆಯಲೂ ಬಾರದ ಮುಷ್ಟಿಯಾಗುತ್ತದೆ. ಒಂದು ತಪ್ಪು ಸಲಹೆ ಆಗಲೇ ಕೊಟ್ಟಿದ್ದೇನೆ. ಎರಡನೆಯದನ್ನೂ ಕೊಟ್ಟುಬಿಟ್ಟರೆ? ಎರಡು ದಿನ ಯೋಚಿಸಿದೆ. ಕೊನೆಗೆ, ಎಲ್ಲವನ್ನೂ ಇದ್ದದ್ದು ಇದ್ದಂತೆ ಅವರ ಮುಂದೆ ಇಟ್ಟು, ಅಕ್ಕೋರೇ ಆರಿಸಲಿ ಎಂದು ತೀರ್ಮಾನಿಸಿ ಇಂಡಿಗೆ ಹೋದೆ.

"ನನ್ನ ಕಾಗದ ನಿಮ್ಮ ಕೈಗೆ ತಪ್ಪಾತು," ಎಂದು ಶುರುಮಾಡಿ ಎಲ್ಲ ಹೇಳಿದೆ. ಮಾವ ಎದ್ದು ಗೋಡೆಯ ಹತ್ತಿರ ಹೋದರು. ತಾವು ಹಾಕಿದ ಗುರುತುಗಳ ಮೇಲೆ ಬೆರಳಾಡಿಸಿದರು.

"ಅಂದ್ರ ಎಂಟು ತಿಂಗಳು ನಾನಽ ಕೆಡಿಸಿದ್ನೇನು?"

"ನಾ ಬರದದ್ದನ್ನ ನೀವು ಬರದಂಗ ಮಾಡೀರಿ. ತಪ್ಪು ಬರದಾಕಿದು," ಎಂದೆ. ಅವರು ತಿರುಗಲಿಲ್ಲ.

ಅಕ್ಕೋರು ಮಾತ್ರ ನೇರ ವಿಷಯಕ್ಕೆ ಬಂದರು. "ಮಡಚಿ ಇಟ್ರ ಹಂಗಽ ಉಳೀಬಹುದು ಅಂತೀರಿ. ಉಳೀಲಿ. ತೆರೆದ ಕೈಯಾಗ ಎಂಟು ತಿಂಗಳಿಂದ ಬರೇ ಎಣ್ಣಿ ಹಿಡದೀನಿ. ಮುಚ್ಚಿದ ಕೈಯಾಗ ಏನರೆ ಒಂದು ಸಿಕ್ಕೀತು. ಶುರು ಮಾಡ್ರಿ."

ವಿಧಾನ ಹೀಗಿತ್ತು. ಮಲಗುವ ಮುನ್ನ ಮಣಿಕಟ್ಟನ್ನು ಮೇಲಕ್ಕೆತ್ತಿ, ನಾಲ್ಕು ಬೆರಳುಗಳನ್ನು ಒಳಕ್ಕೆ ಮಡಚಿ, ಹೆಬ್ಬೆರಳನ್ನು ತೋರುಬೆರಳ ಪಕ್ಕಕ್ಕೆ ಒತ್ತಿ, ಮೆತ್ತನೆಯ ಪಟ್ಟಿ ಸುತ್ತುವುದು. ಬೆಳಿಗ್ಗೆ ಬಿಚ್ಚುವುದು. ಕೀಲುಗಳು ಬಿಗಿಯದಿರಲು ದಿನಕ್ಕೊಮ್ಮೆ ಬೆರಳು ಬಿಡಿಸುವುದು. ಆದರೆ ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದಾಗ ಮಾತ್ರ. ಬೆರಳೂ ಮಣಿಕಟ್ಟೂ ಎಂದೂ ಒಟ್ಟಿಗೆ ನೆಟ್ಟಗಾಗಬಾರದು. ಹಗಲು ಮಣಿಕಟ್ಟಿಗೆ ಬಲ ಬರಲು ಕೈಯ ಹಿಂಭಾಗಕ್ಕೆ ಸಣ್ಣ ಮರಳಿನ ಚೀಲ ಕಟ್ಟಿ ಎತ್ತುವುದು. ವಾರಕ್ಕೊಮ್ಮೆ ಥೆರಪಿಸ್ಟ್ ಹೋಗಿ ನೋಡುವುದು.

ಎರಡನೆಯ ವಾರವೇ ಎಡವಿದೆವು. ಬೆರಳ ಗೆಣ್ಣಿನ ಮೇಲೆ ಪಟ್ಟಿ ಬಿಗಿಯಾಗಿ ಗುಳ್ಳೆ ಎದ್ದು ಹುಣ್ಣಾಯಿತು. ಅಕ್ಕೋರಿಗೆ ಅಲ್ಲಿ ಸ್ಪರ್ಶವೇ ಇಲ್ಲ. ನೋವು ಹೇಳುವವರು ಯಾರು? ಪಟ್ಟಿ ಸುತ್ತಿ ತೋರಿಸಿದ್ದು ನಾವೇ. ಹುಣ್ಣು ಮಾಯುವವರೆಗೆ ಎಲ್ಲ ನಿಲ್ಲಿಸಬೇಕಾಯಿತು. ಮುಂದೆ ಪಟ್ಟಿಯ ಬದಲು ಹಳೆಯ ಕಾಲುಚೀಲದ ತುದಿ ಕತ್ತರಿಸಿ ಕೈಗೆ ತೊಡಿಸಿದೆವು; ಬಿಗಿಯೂ ಸಾಕಷ್ಟು, ಹುಣ್ಣೂ ಆಗಲಿಲ್ಲ.

ಆದರೂ ಸಂಕ್ರಮಣದ ಹೊತ್ತಿಗೆ ನೋಡಿದರೆ ಬೆರಳುಗಳು ಇದ್ದಲ್ಲೇ ಇದ್ದವು. ಒಂದು ಕೂದಲೆಳೆಯಷ್ಟೂ ಬಿಗಿದಿರಲಿಲ್ಲ. ತಡವಾಯಿತು, ಹುರಿಗಳು ಇನ್ನು ಗಿಡ್ಡವಾಗುವುದಿಲ್ಲ ಎಂದು ನಾನು ಒಳಗೊಳಗೇ ಒಪ್ಪಿಕೊಳ್ಳುತ್ತಿದ್ದೆ. ಥೆರಪಿಸ್ಟ್ ಆ ಕೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಕಾಕಾ," ಎಂದರು ಮಾವನ ಕಡೆ ತಿರುಗಿ, "ಇದು ಎಳ್ಳೆಣ್ಣಿ ವಾಸನಿ."

ಮಾವ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟರು. ನಂತರ ಒಪ್ಪಿಕೊಂಡರು. ಬೆಳಗಿನ ಜಪ ಮುಗಿಸಿ ಬಂದು, ಕಾಲುಚೀಲ ಬಿಚ್ಚುವ ನೆಪದಲ್ಲಿ ಬೆರಳುಗಳನ್ನು ಮೊದಲಿನಂತೆಯೇ ನೀವುತ್ತಿದ್ದರು. ಅಕ್ಕೋರಿಗೆ ಆಗಿನ್ನೂ ಅರೆನಿದ್ದೆ, ಕೈಯಲ್ಲಿ ಸ್ಪರ್ಶವೂ ಇಲ್ಲ.

"ನನಗ ನೋಡ್ಲಿಕ್ಕಾಗೂದಿಲ್ಲ ಡಾಕ್ಟ್ರ," ಎಂದರು. "ಹುಡುಗಿ ಕೈ ಮುದುಡಿ ಮುದುಡಿ ಹೊಂಟದ. ಆ ಕೈಯಿಂದ ರಂಗೋಲಿ ಹಾಕ್ತಿದ್ಲು, ಪುಟಗಟ್ಟಲೆ ಲೆಕ್ಕ ಬಿಡಸ್ತಿದ್ಲು. ಮುದುಡಲಿ ಅಂತ ಬಿಟ್ರ ನಾನಽ ಕೈ ಬಿಟ್ಟಂಗ ಅನಸ್ತದ."

ಅಕ್ಕೋರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಕೈ ಎತ್ತಿ ಮಾವನ ಕೈಯ ಮೇಲೆ ಇಟ್ಟರು. ಹುರಿ, ಸ್ನಾಯು, ನರ ಎಲ್ಲ ಹೇಳಿ ಮುಗಿದಿತ್ತು. "ಕಾಕಾ, ಚಪ್ಪಲ್ ಹಾಕ್ಕೋರಿ. ಹೊರ್ತಿಗೆ ಹೋಗಿ ಬರೂಣು," ಎಂದೆ.

ಹೊರ್ತಿಯ ರೈತ ಎಂದಿನಂತೆ ಹಣ್ಣಿನ ರಾಶಿಯ ಮುಂದೆ ಇದ್ದ. ಅಕ್ಕೋರ ಕೈಯ ಕತೆಯನ್ನು ಆತನಿಗೆ ಎರಡು ಮಾತಿನಲ್ಲಿ ಹೇಳಿದೆ. ಮಾವ ಆತನ ಎದುರು ಹಗ್ಗದ ಮಂಚದ ಮೇಲೆ ಕೂತು, ಆ ಕೈಯನ್ನೇ ನೋಡಿದರು. ಎತ್ತು, ಇಳಿಸು, ಎತ್ತು. ಆತ ಒಂದು ದೊಡ್ಡ ಹಣ್ಣು ಹಿಡಿದು ಚಾಚಿದ. "ತಗೋರಿ ಕಾಕಾ. ಮನ್ಯಾಗ ಉಪ್ಪಿನಕಾಯಿ ಹಾಕಸ್ರಿ."

ಮಾವ ತೆಗೆದುಕೊಳ್ಳಲು ಹೋದರೆ ಆತ ತಮಾಷೆಗೆ ಬಿಡಲಿಲ್ಲ. ಮಾವ ಎಳೆದರು. ಆತ ಮಣಿಕಟ್ಟು ಇನ್ನಷ್ಟು ಎತ್ತಿದ. ಹಣ್ಣು ಇಬ್ಬರ ನಡುವೆ ನಿಂತಿತು.

"ಏ, ಬಲ ಅದಲೋ!" ಎಂದರು ಮಾವ.

"ಹಗ್ಗ ಉದ್ದಾದ್ರ ಬಾವ್ಯಾಗಿನ ಕೊಡ ಮ್ಯಾಲ ಬರೂದಿಲ್ರಿ ಕಾಕಾ. ನನ್ನ ಹಗ್ಗ ಯಾರೂ ಜಗ್ಗಲಿಲ್ಲ, ಅದಕ್ಕ ಉಳೀತು. ಅಕ್ಕೋರ ಹಗ್ಗಾನೂ ಬಿಡ್ರಿ ಅತ್ತಾಗ, ತನ್ನ ಪಾಡಿಗೆ ತಾನು ಗಿಡ್ಡ ಆಗ್ಲಿ."

ಹಿಂದಿರುಗುವ ದಾರಿಯಲ್ಲಿ ಮಾವ ಆ ಹಣ್ಣನ್ನು ಅಂಗೈಯಲ್ಲಿ ಉರುಳಿಸುತ್ತ ಕೂತಿದ್ದರು. ಇಂಡಿ ಹತ್ತಿರ ಬಂದಾಗ ಕೇಳಿದರು: "ನನಗೇನರೆ ಕೆಲಸಾ ಕೊಡ್ರಿ ಡಾಕ್ಟ್ರ. ಸುಮ್ನ ಕೂತ್ರ ಕೈ ಮತ್ತ ಎಣ್ಣಿಗೇ ಹೋಗ್ತದ."

ಕೆಲಸ ಕೊಟ್ಟೆ. ಪ್ರತಿ ಸಂಜೆ ಅಕ್ಕೋರು ಮಣಿಕಟ್ಟು ಎತ್ತಿದಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ, ಅದನ್ನು ಅಳೆದು ಬರೆಯಬೇಕು. ಸರ್ವೆಯವರಿಗೆ ಅಳತೆ ಎಂದರೆ ಹಬ್ಬ. ಒಂದು ನೋಟ್‌ಬುಕ್ಕು ಹೊಲಿದುಕೊಂಡು, ಪ್ರತಿ ದಿನಕ್ಕೆ ಕೈಯ ಪುಟ್ಟ ನಕ್ಷೆ ಬರೆದು, ಬಾಣದ ಗುರುತಿನಲ್ಲಿ ಅಂತರ ನಮೂದಿಸಿದರು. ನನ್ನ ಅಧ್ಯಯನದ ಯಾವ ಫಾರಂಗೂ ಅಷ್ಟು ಚಂದದ ದಾಖಲೆ ಬಂದಿರಲಿಲ್ಲ. ಮೊದಲೆರಡು ವಾರ ನಕ್ಷೆಗಳೆಲ್ಲ ಒಂದೇ. ಮೂರನೆಯ ವಾರ ಬಾಣ ತುಸು ಗಿಡ್ಡವಾಯಿತು. ಆಮೇಲೆ ಬೆರಳ ತುದಿಗಳು ಒಳಕ್ಕೆ ಬಾಗತೊಡಗಿದವು. ಶಿವರಾತ್ರಿ ಕಳೆಯಿತು. ಥೆರಪಿಸ್ಟ್ ಫೋನಿನಲ್ಲಿ ಪ್ರತಿ ವಾರ ಅದೇ ವರದಿ: "ಬರಾಕತ್ತೈತಿ ಮ್ಯಾಡಮ್, ಗಡಿಬಿಡಿ ಮಾಡಬ್ಯಾಡ್ರಿ."

ಯುಗಾದಿಗೆ ಮುಂಚಿನ ಒಂದು ಸಂಜೆ ಹೊರರೋಗಿ ವಿಭಾಗದಲ್ಲಿದ್ದಾಗ ಫೋನ್ ಬಂತು. ಮಾವನ ದನಿ ಏರಿತ್ತು.

"ಡಾಕ್ಟ್ರ, ಇಕಿ ನನ್ನ ಸ್ಕೇಲ್ ಕೊಡವಲ್ಲಳು!"

"ಏನಾತ್ರಿ ಕಾಕಾ?"

"ಅಳೀಲಿಕ್ಕೆ ಅಂತ ಬಟ್ಟಿನ ನಡುವ ಇಟ್ಟೆ. ಹಿಡದು ಬಿಟ್ಲು! ಜಗ್ಗಿದ್ರೂ ಬರವಲ್ದು. ಬಿಡು ಬಾಳಾ ಅಂದ್ರ, ಬಿಡೂದಿಲ್ಲ ಅಂತಾಳ!"

ಹಿಂದಿನಿಂದ ಅಕ್ಕೋರ ನಗು ಕೇಳುತ್ತಿತ್ತು. ಅತ್ತೆಯವರೂ ನಗುತ್ತಿದ್ದರು. ಸರದಿಯಲ್ಲಿ ಕೂತ ರೋಗಿಗಳ ಮುಂದೆ ನಾನು ಎದ್ದು ನಿಂತು, ಫೋನ್ ಕಿವಿಗೆ ಹಚ್ಚಿಕೊಂಡು, "ಬಿಡಬ್ಯಾಡ ಅನ್ರಿ, ಬಿಡಬ್ಯಾಡ ಅನ್ರಿ," ಎನ್ನುತ್ತಿದ್ದೆ.

ಸ್ಕೇಲ್ ಹಿಡಿದ ಕೈಗೆ ಚಾಕ್‌ಪೀಸು ಸುಲಭವಿರಲಿಲ್ಲ. ತೆಳುವಾದ್ದರಿಂದ ಜಾರುತ್ತಿತ್ತು, ಒತ್ತಿದರೆ ತುಂಡಾಗುತ್ತಿತ್ತು. ಮಾವ ನೀರಿನ ಸಣ್ಣ ಪ್ಲಾಸ್ಟಿಕ್ ಪೈಪನ್ನು ಬೆರಳುದ್ದ ಕತ್ತರಿಸಿ, ಉದ್ದಕ್ಕೆ ಸೀಳಿ, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಒಳಗೆ ಚಾಕ್‌ಪೀಸು ಕೂರಿಸಿದರು. ಅದು ನಿಂತಿತು. ಕಾಗದದ ಮೇಲೆ ಮೊದಲ ಸಹಿ ಬಂದಾಗ ಅಕ್ಕೋರು ಅದನ್ನು ಬಹಳ ಹೊತ್ತು ನೋಡಿ, "ಇದು ಮೂರನೇ ಕ್ಲಾಸಿನ ಹುಡುಗನ ಅಕ್ಷರ," ಎಂದು ತಾವೇ ಅಂಕ ಕೊಟ್ಟುಕೊಂಡರು: ಹತ್ತಕ್ಕೆ ನಾಲ್ಕು.

ಇನ್ನು ಬೋರ್ಡು. ಪಡಸಾಲೆಯ ಗೋಡೆಗೆ ಕರಿಹಲಗೆ ತೂಗುಹಾಕಿ ಗಾಲಿಕುರ್ಚಿ ಮುಂದೆ ತಂದೆವು. ಅಕ್ಕೋರು ಕೈ ಎತ್ತಿದರು. ಭುಜದ ಮಟ್ಟ ದಾಟಿದ ಕೂಡಲೇ ಮೊಣಕೈ ಮಡಚಿಕೊಂಡು ಕೈ ಹಣೆಗೆ ಬಡಿಯಿತು. ನೆತ್ತಿಯಿಂದ ಹುಬ್ಬಿನ ನಡುವಿನವರೆಗೆ ಬಿಳಿ ಗೆರೆ. ಮಾವ ತಮ್ಮ ಹಣೆ ಮುಟ್ಟಿಕೊಂಡು, ಸೊಸೆಯ ಹಣೆ ನೋಡಿ, "ಹೆಂಗಸೂರು ಉದ್ದ ನಾಮ ಹಚ್ಚೂದಿಲ್ಲಲ್ಲ ಬಾಳಾ," ಎಂದರು. ಅಕ್ಕೋರು ನಕ್ಕ ರಭಸಕ್ಕೆ ಕುರ್ಚಿಯಿಂದ ಜಾರದಂತೆ ಥೆರಪಿಸ್ಟ್ ಹಿಡಿದುಕೊಳ್ಳಬೇಕಾಯಿತು.

ಕಾರಣ ನನಗೆ ಮೊದಲೇ ಹೊಳೆಯಬೇಕಿತ್ತು. ಮೊಣಕೈಯನ್ನು ನೆಟ್ಟಗೆ ಮಾಡುವ ಸ್ನಾಯುವಿಗೆ ಅವರಲ್ಲಿ ಬಲವಿಲ್ಲ. ಕೈ ಮೇಲೇರಿದರೆ ಭಾರಕ್ಕೆ ಕುಸಿಯುತ್ತದೆ. ಹಾಗಾದರೆ ಬೋರ್ಡೇ ಕೆಳಗಿಳಿಯಬೇಕು. ತಾಂಬಾದ ಮುಖ್ಯಗುರುಗಳನ್ನು ಕಂಡು ಹೇಳಿದೆವು. ಅವರು ಪ್ರಶ್ನೆ ಕೇಳಲಿಲ್ಲ, ಅಳತೆ ಕೇಳಿದರು. ಅಳತೆ ಮಾವನ ಬಳಿ ಸಿದ್ಧವಿತ್ತು. ಊರಿನ ಬಡಿಗ ಬೇಸಿಗೆ ರಜೆಯಲ್ಲಿ ಕುರ್ಚಿಯ ಎತ್ತರಕ್ಕೆ ಹೊಂದುವಂತೆ ಗಾಲಿಯ ಮೇಲೆ ಓಡಾಡುವ, ಸ್ವಲ್ಪ ಹಿಂದಕ್ಕೆ ಒರಗಿದ ಉದ್ದನೆಯ ಹಲಗೆ ಮಾಡಿಕೊಟ್ಟ. ಮೆಟ್ಟಿಲಿಗೆ ಇಳಿಜಾರು ಕಟ್ಟಿದರು. ನಾನು ಪ್ರಮಾಣಪತ್ರ ಬರೆದೆ: ಪಾಠ ಹೇಳಲು ಶಕ್ತರು. ಕೆಳಗೆ ಅಕ್ಕೋರ ಸಹಿ ಬೇಕಿತ್ತು. ಅಷ್ಟರಲ್ಲಿ ಅದು ಹತ್ತಕ್ಕೆ ಎಂಟಾಗಿತ್ತು.

ಈ ನಡುವೆ ವಾರ್ಡಿನ ಹಾಳೆಯನ್ನು ಬದಲಾಯಿಸಿದೆವು. ಕತ್ತಿಗೆ ಪೆಟ್ಟಾದವರಿಗೆ ಬೇರೆ ಹಾಳೆ, ಆರನೆಯ ಸಾಲು ಬೇರೆ. ಅದರ ಚಿತ್ರವನ್ನು ಮಾವನವರಿಂದ ಬರೆಸಿದೆ. ಫಾರಂನಲ್ಲೂ ಒಂದು ಪ್ರಶ್ನೆ ಸೇರಿತು: ಕೈಯಿಂದ ಏನೇನು ಮಾಡುತ್ತೀರಿ, ಮಾಡಿ ತೋರಿಸಿ. ಬರೆದುಕೊಳ್ಳಲು ಜಾಗ ಸಾಲದೆ ಎಷ್ಟೋ ಸಲ ಹಿಂಬದಿಗೆ ಹೋಗಬೇಕಾಗುತ್ತದೆ.

ಜೂನ್ ಬಂತು. ಮೊದಲ ಪಾಠದ ದಿನ ಕರೆಯದಿದ್ದರೂ ನಾನೂ ಥೆರಪಿಸ್ಟೂ ತಾಂಬಾಕ್ಕೆ ಹೋದೆವು. ಹತ್ತನೆಯ ತರಗತಿ. ಬಾಗಿಲ ಹೊರಗೆ ನಿಂತೆವು. ಮಕ್ಕಳು ತಮ್ಮ ಅಕ್ಕೋರನ್ನು ಗಾಲಿಕುರ್ಚಿಯಲ್ಲಿ ನೋಡುತ್ತಿರುವುದು ಮೊದಲ ಸಲ. ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಅಷ್ಟು ವಿಧೇಯವಾಗಿ ಕೂತ ತರಗತಿಯನ್ನು ನಾನು ನೋಡಿಲ್ಲ, ಅದು ನನಗೆ ಹಿಡಿಸಲೂ ಇಲ್ಲ. ಅಕ್ಕೋರಿಗೂ ಹಿಡಿಸಿರಲಿಲ್ಲವೆಂದು ಅವರ ಬೆನ್ನು ನೋಡಿಯೇ ತಿಳಿಯಿತು. ಮಣಿಕಟ್ಟು ಎತ್ತಿ ಸಮೀಕರಣ ಬರೆಯತೊಡಗಿದರು. ಒಂದು ಸಾಲು. ಎರಡು ಸಾಲು. ದೊಡ್ಡ ದೊಡ್ಡ ಅಕ್ಷರ, ಭುಜದಿಂದ ಬರೆದದ್ದು. ಮೂರನೆಯ ಸಾಲಿಗೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಪಕ್ಕದವಳು ಲಂಗ ಜಗ್ಗಿ ಕೂರಿಸಲು ನೋಡಿದಳು. ಆಕೆ ಕೂರಲಿಲ್ಲ.

"ಅಕ್ಕೋರ, ಎರಡನೇ ಸಾಲಿನ್ಯಾಗ ಮೈನಸ್ ಬಿಟ್ಟೀರಿ."

ಇಡೀ ತರಗತಿ ಆ ಹುಡುಗಿಯನ್ನು ನುಂಗುವಂತೆ ನೋಡಿತು. ಅಕ್ಕೋರು ಬೋರ್ಡಿನ ಕಡೆ ಕಣ್ಣು ಕಿರಿದು ಮಾಡಿದರು.

"ಬಿಟ್ಟೀನೇನು? ಹೌದಲ್ಲ, ಬಿಟ್ಟೀನಿ!" ಕುರ್ಚಿಯನ್ನು ಅರ್ಧ ತಿರುಗಿಸಿದರು. ಮುಖ ಅರಳಿತ್ತು. "ಒಂದೂವರೆ ವರ್ಷ ಆತವ್ವಾ, ನಾನು ಏನು ಮಾಡಿದ್ರೂ ಎಲ್ಲಾರೂ ಶಾಬಾಸ್, ಶಾಬಾಸ್ ಅಂತಾರ. ತಪ್ಪು ಅಂತ ಅಂದಾಕಿ ನೀ ಒಬ್ಬಾಕಿ. ಹೆಸರೇನು ನಿಂದು? ಮುಂದ ಬಂದು ಕೂಡು. ಉಳಿದವರು ಯಾಕ ಬಾಯಿ ಮುಚ್ಚಿಕೊಂಡು ಕೂತೀರಿ? ಕಾಣಲಿಲ್ಲೇನು ನಿಮಗ? ಈ ವರ್ಷ ಪರೀಕ್ಷೆ ಅದ, ಗೊತ್ತದಿಲ್ಲೋ?"

ತರಗತಿಯಲ್ಲಿ ಗುಸುಗುಸು ಶುರುವಾಯಿತು. ಯಾರೋ ನಕ್ಕರು. ಯಾರದೋ ಕಂಪಾಸ್ ಪೆಟ್ಟಿಗೆ ನೆಲಕ್ಕೆ ಬಿದ್ದು ಸದ್ದಾಯಿತು. ಅಕ್ಕೋರು ಎರಡನೆಯ ಸಾಲಿಗೆ ಹೋಗಿ, ಮಣಿಕಟ್ಟು ಎತ್ತಿ, ಒಂದು ಗಿಡ್ಡ ಗೆರೆ ಎಳೆದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಡಾಕ್ಟ್ರ, ನೀವು ಅಲ್ಲಿ ನಿಂತ್ರ ಹುಡುಗ್ರು ನಿಮ್ಮನ್ನಽ ನೋಡ್ತಾವ. ಪಾಠ ನಡದದ. ಹೋಗಿ ಬರ್ರಿ ಇನ್ನ."

ನಾವು ಹೊರಟೆವು.